ಎಂಟೂ ಕಾಲಿನ ಬಸ್ಸು ಮತ್ತ ನಮ್ಮನಿ ಅರ್ಧ ಅಡಗಿ

ಹೋದ ವರ್ಷ ಜೂನ್ ತಿಂಗಳದಾಗ ಸಾಲಿ ಚಾಲೂ ಆಗಿ ಎರಡನೇ ವಾರಕ್ಕ ನನಗ ಬಸ್ಸು ತಪ್ಪಿತು, ಕಾರಣ ಏನಂದ್ರ ಚವಳಿಕಾಯಿ. ಹೌದ್ರಿ, ಚವಳಿಕಾಯಿ. ಮುಂಜಾನಿ ಆರೂವರಿಗೆ ಫ್ರಿಜ್ ತಗದು ನೋಡಿದ್ರ ಅದೊಂದ ಕಾಯಿಪಲ್ಲೆ ಉಳದಿತ್ತು, ಅರ್ಧ ಕಿಲೋ, ಒಂದೊಂದ ಕಾಯಿ ತುದಿ ಮುರದು ನಾರು ತಗದು ಸೋಸೂದರಾಗ 25 ಮಿನಿಟು ಹೋತು, ಆ ಕಡೆ ರೊಟ್ಟಿಗೆ ಇಟ್ಟ ಎಸರು ಕುದ್ದು ಕುದ್ದು ಅರ್ಧಾ ಆಗಿತ್ತು, ಮಗಳು ಹೆಳಲು ಹಾಕಬೇ ಅಂತ ಹಣಿಗಿ ಹಿಡಕೊಂಡು ಬಾಗಲದಾಗ ನಿಂತಿದ್ಲು, ಸಣ್ಣಾಂವಗ ಒಂದು ಸಾಕ್ಸ್ ಸಿಕ್ಕಿದ್ದಿಲ್ಲ. ಕೇಂದ್ರ ಬಸ್ ಸ್ಟ್ಯಾಂಡಿಗೆ ಹೋಗೂದರಾಗ ಎಂಟೂ ಕಾಲಿನ ಬಾಗೇವಾಡಿ ಬಸ್ಸು ಹೋಗಿಬಿಟ್ಟಿತ್ತು. ಅವತ್ತು ಪ್ರೇಯರ್ ಮುಗದ ಮ್ಯಾಲ ಸಾಲಿ ಒಳಗ ಹೆಜ್ಜಿ ಇಟ್ಟೆ, ಹುಡುಗ್ರು ಎಲ್ಲಾ ತಿರುಗಿ ನನ್ನ ನೋಡಿದ್ರು, ಆ ನಾಚಿಕಿ ನನಗ ಇನ್ನೂ ಮರತಿಲ್ಲ.

ನಾವು ಇರೂದು ವಿಜಯಪುರದಾಗ, ಮನ್ಯಾಗ ಐದು ಮಂದಿ, ನಾನು, ನಮ್ಮನಿಯವರು, ಅತ್ತಿ, ಇಬ್ಬರು ಮಕ್ಕಳು. ಅತ್ತಿಗೆ ಮೊಣಕಾಲ ಬ್ಯಾನಿ, ಬಾಳೊತ್ತು ನಿಂದರಾಕ ಆಗೂದಿಲ್ಲ. ನಾ ಸಾಲಿ ಟೀಚರ್, ನನಗ ಬಸವನ ಬಾಗೇವಾಡಿ ಕಡೆ ಸಾಲಿ, ಬಸ್ಸಿನ್ಯಾಗ ಹೆಚ್ಚೂ ಕಡಿಮಿ ಒಂದು ತಾಸಿನ ಹಾದಿ. ಅಂದ್ರ ಮುಂಜಾನಿ ಐದೂವರಿಯಿಂದ ಏಳೂ ಮುಕ್ಕಾಲದ ತನಕ ಏನೈತಿ ಅಷ್ಟ, ಅದರಾಗ ನಾಷ್ಟಾ ಆಗಬೇಕು, ನಾಕು ಬುತ್ತಿ ಆಗಬೇಕು, ಅತ್ತಿಗೆ ಮಧ್ಯಾಹ್ನಕ್ಕ ಮುಚ್ಚಿ ಇಡಬೇಕು. ಇದು ನನ್ನೊಬ್ಬಾಕಿ ಕಥಿ ಅಲ್ಲ, ನಮ್ಮ ಬಸ್ಸಿನ್ಯಾಗ ಕುಂತ ಅರ್ಧ ಹೆಣ್ಮಕ್ಕಳ ಕಥಿ ಇದ, ಹಿಂದಿನ ಸೀಟಿನ್ಯಾಗ ಕುಂತು ನಾವು ಮಾತಾಡೂದೂ ಬರೇ ಇದ, ನೀ ಇವತ್ತ ಏನ್ ಮಾಡಿದಿ, ಎಷ್ಟಕ್ಕ ಎದ್ದಿ ಅಂತ. ಅದಕ್ಕ ಬರಿಯಾಕತ್ತೀನಿ.

ಬಸ್ಸು ತಪ್ಪಿದ ಆ ವಾರ ನಾ ಒಂದು ಕೆಲಸ ಮಾಡಿದೆ. ಅಡಗಿಮನಿ ಗೋಡಿಗೆ ಹಳೇ ಡೈರಿ ಒಂದು ತೂಗಹಾಕಿ, ಸೋಮವಾರದಿಂದ ಶನಿವಾರದ ತನಕ ಯಾವ ಕೆಲಸಕ್ಕ ಎಷ್ಟು ಮಿನಿಟು ಹಿಡೀತು ಅಂತ ಮೊಬೈಲ್ ನೋಡಿ ಬರದಿಟ್ಟೆ. ನಾ ತಿಳಕೊಂಡಿದ್ದು ಒಲಿ ಮುಂದ ನಿಂತು ಬೇಯಿಸೂದಕ್ಕ ವ್ಯಾಳ್ಯಾ ಹೋಗತೈತಿ ಅಂತ. ಲೆಕ್ಕ ನೋಡಿದ್ರ ಪಲ್ಲೆ ಒಗ್ಗರಣಿ ಹಾಕಿ ಕುದಿಸಿ ಇಳಸೂದು 15 ಮಿನಿಟು ಅಷ್ಟ. ಅದನ್ನ ಸೋಸಿ ತೊಳದು ಹೆಚ್ಚೂದು 20, ಕೆಲವು ದಿನ 25. ರೊಟ್ಟಿ 50 ಮಿನಿಟು. ಇವತ್ತ ಏನ್ ಮಾಡ್ಲಿ ಅಂತ ಫ್ರಿಜ್ ಮುಂದ ನಿಂದರೂದು, ಜೀರಗಿ ಡಬ್ಬಿ ಎಲ್ಲಿಟ್ಟೆ, ಶೇಂಗಾ ಹುರದದ್ದು ಐತೋ ಇಲ್ಲೋ ಅಂತ ಹುಡುಕೂದು, ಅದ ಒಂದು 10-12 ಮಿನಿಟು. ಅಂದ್ರ ನನ್ನ ಮುಂಜಾನಿ ಹೋಗೂದು ಬೇಯಿಸೂದರಾಗ ಅಲ್ಲ, ಬೇಯಿಸೂಕ್ಕಿಂತ ಮೊದಲಿನ ಕೆಲಸದಾಗ. ಅದನ್ನ ಮುಂಜಾನಿಂದ ತಗದು ಬ್ಯಾರೆ ಹೊತ್ತಿಗೆ ಇಡಬೇಕು, ಇಷ್ಟ ನನಗ ಹೊಳದದ್ದು.

ಮೊದಲ ನಾನೂ ಎಲ್ಲಾರ ಹಂಗ ವಿಡಿಯೋ ನೋಡಿ ರವಿವಾರ ಕುಂತು ವಾರದ ಪಲ್ಲೆ ಪೂರಾ ಮಾಡಿ ಡಬ್ಬಿ ಡಬ್ಬಿ ಫ್ರಿಜ್ಜಿನ್ಯಾಗ ಇಟ್ಟೆ. ನಮ್ಮನಿಗೆ ಅದು ಹೊಂದಲಿಲ್ಲ. ಬುಧವಾರಕ್ಕ ಬದನಿಕಾಯಿ ಪಲ್ಲೆ ಬಿಸಿ ಮಾಡಿದ್ರ ಹೋಳು ಎಲ್ಲಾ ಕರಗಿ ಹಿಟ್ಟಿನಂಗ ಆಗಿತ್ತು, ಎಣ್ಣಿ ಒಂದ ಕಡೆ ನಿಂತಿತ್ತು, ಮಗ ಡಬ್ಬಿ ಹಂಗ ವಾಪಸ್ ತಂದ. ಅತ್ತಿ ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಬರೇ ರೊಟ್ಟಿ ಮೊಸರು ಉಂಡು ಎದ್ರು. ನನಗ ಅವತ್ತು ಭಾಳ ಕೆಟ್ಟ ಅನಸ್ತು. ವಯಸ್ಸಾದವರು ಮನ್ಯಾಗ ಇದ್ದಾಗ ಅವರು ಸಮಾಧಾನದಿಂದ ಉಣ್ಣಬೇಕು, ಅದನ್ನ ಬಿಟ್ಟು ಟೈಮ್ ಉಳಿಸಿ ನಾ ಏನ್ ಮಾಡ್ಲಿ. ಆವಾಗಿಂದ ನಾ ಪೂರಾ ಮಾಡಿ ಇಡೂದು ಬಿಟ್ಟೆ, ಅರ್ಧ ಮಾಡಿ ಇಡ್ತೀನಿ. ಒಗ್ಗರಣಿ ಮಾತ್ರ ಉಣ್ಣೂ ದಿನಾನ ಬೀಳಬೇಕು. ಸಾಸಿವಿ ಚಟಚಟ ಅಂದು ಬಳ್ಳೊಳ್ಳಿ ವಾಸನಿ ಬಂತಂದ್ರ ಅದು ಇವತ್ತಿನ ಅಡಗಿ, ಅದರ ಹಿಂದಿನ ಕೆಲಸ ಮೊನ್ನೆ ಆಗಿರಲಿ ಮೂರು ದಿನದ ಹಿಂದ ಆಗಿರಲಿ ಯಾರಿಗೂ ಗೊತ್ತಾಗೂದಿಲ್ಲ.

ಈಗ ರೊಟ್ಟಿ ಮಾತು ಹೇಳ್ತೀನಿ, ನಮ್ಮ ಕಡೆ ಅಡಗಿ ಅಂದ್ರ ಮೊದಲ ರೊಟ್ಟಿ. ನನ್ನ ತವರುಮನಿ ತಾಳಿಕೋಟಿ ಕಡೆ, ಡೋಣಿ ಹೊಳಿ ಸಾಲಿನ ಎರಿ ಭೂಮಿ, ಡೋಣಿ ಬೆಳದ್ರ ಓಣೆಲ್ಲಾ ಕಾಳು ಅಂತ ನಮ್ಮ ಹಿರ್ಯಾರು ಹೇಳತಿದ್ರು, ಹಿಂಗಾರಿ ಬಿಳಿಜ್ವಾಳ ಉಂಡು ಬೆಳದಾಕಿ ನಾ. ಮಾಲದಂಡಿ ಜ್ವಾಳದ ರೊಟ್ಟಿ ಬಡದು ರೂಢಿ ಇದ್ದ ಕೈಗೆ ಬ್ಯಾರೆ ಜ್ವಾಳ ಹೊಂದೂದ ಇಲ್ಲ. ಅದಕ್ಕ ರೊಟ್ಟಿ ಬಿಟ್ಟು ಚಪಾತಿ ಮಾಡಿದ್ರ ಟೈಮ್ ಉಳೀತೈತಿ ಅನ್ನೂ ಮಾತು ನಮ್ಮನ್ಯಾಗ ನಡಿಯೂದಿಲ್ಲ, ವಾರದಾಗ ಒಂದೆರಡು ದಿನ ಆಗಬಹುದು, ಅಷ್ಟ.

ಚಪಾತಿ ಹಿಟ್ಟು ರಾತ್ರಿ ನಾದಿ ಇಟ್ಟು ಮುಂಜಾನಿ ಲಟ್ಟಸಬಹುದು, ಜ್ವಾಳದ ಹಿಟ್ಟಿಗೆ ಅದು ಬರೂದಿಲ್ಲ. ಗೋದಿಯೊಳಗ ಗ್ಲುಟೆನ್ ಅಂತ ಒಂದು ಅಂಟು ಇರತೈತಿ, ಜ್ವಾಳದಾಗ ಅದು ಇಲ್ಲ. ನಾವು ಕುದಿಯೂ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಉಬ್ಬಿ ಅರ್ಧಂಬರ್ಧ ಬೇಯತೈತಿ, ಆ ಜಿಗಿ ಮ್ಯಾಲ ರೊಟ್ಟಿ ನಿಂದರೂದು, ಹಿಟ್ಟು ಆರಿ ಕುಂತಷ್ಟೂ ಜಿಗಿ ಬಿಡತೈತಿ, ಬಡಿಯೂ ಮುಂದ ಅಂಚಿಗೆ ಚಿರಿ ಚಿರಿ ಬಿಡಾಕ ಚಾಲೂ ಆಗತೈತಿ. ನಾ ಒಮ್ಮೆ ರಾತ್ರಿ ನಾದಿ ಫ್ರಿಜ್ಜಿನ್ಯಾಗ ಇಟ್ಟು ನೋಡೀನಿ, ಮುಂಜಾನಿ ಒಂದ ರೊಟ್ಟಿನೂ ಹಂಚಿಗೆ ಪೂರಾ ಹೋಗಲಿಲ್ಲ, ಎಲ್ಲಾ ತುಂಡು ತುಂಡು. ಒಣಾ ಹಿಟ್ಟಿಂದೂ ಹಂಗ, ಗಿರಣಿಯಿಂದ ತಂದು ಭಾಳ ದಿನ ಆದ್ರ ಜಿಗಿ ಹೋಗತೈತಿ, ಅದಕ್ಕ ನಾ ಹತ್ತು ದಿನಕ್ಕ ಆಗೂವಷ್ಟ ಬೀಸಿಸಿಕೊಂಡು ಬರ್ತೀನಿ. ಒಂದು ತಿಂಗಳದ್ದು ಒಮ್ಮೆಲೇ ಬೀಸಿಸಿದ್ರ ಗಿರಣಿಗೆ ಹೋಗೂ ತ್ರಾಸು ತಪ್ಪತೈತಿ ಖರೆ, ಆದ್ರ ರೊಟ್ಟಿ ಹರದು ಹರದು ಮುಂಜಾನಿ ಹತ್ತು ಹತ್ತು ಮಿನಿಟು ಹೆಚ್ಚು ಹೋಗತೈತಿ.

ಹಂಗಾರ ಏನ್ ಮಾಡೂದು ಅಂತ ನಾ ಒದ್ದಾಡಾಕತ್ತಾಗ ಅತ್ತಿನ ದಾರಿ ಹೇಳಿದ್ರು. "ಅಲ್ಲಬೇ, ದಿನಾ ಯಾಕ ಬಡೀತಿ, ಕಡಕ್ ರೊಟ್ಟಿ ಮಾಡಿ ಇಟ್ಟರ ಮುಗೀತಿಲ್ಲೋ. ನಮ್ಮ ಕಾಲಕ್ಕ ಸುಗ್ಗಿಯೊಳಗ ದಿನಾ ಯಾರು ಬಡೀತಿದ್ರು, ಮಲ್ಲಯ್ಯಗ ನಡಕೊಂಡು ಹೋಗೋರಿಗೆ ಗಂಟು ಕಟ್ಟಿ ಕೊಡತಿದ್ದಿವಿ, ಹೋಗಿ ಬರೂತನಾ ಏನೂ ಆಗತಿದ್ದಿಲ್ಲ" ಅಂದ್ರು. ನಮ್ಮ ಭಾಗದಿಂದ ಯುಗಾದಿ ಮುಂದ ಶ್ರೀಶೈಲಕ್ಕ ಪಾದಯಾತ್ರಿ ಹೋಗೋರು ಹೆಗಲ ಮ್ಯಾಲ ರೊಟ್ಟಿ ಗಂಟು ಹಾಕ್ಕೊಂಡು ಹೋಗೂದು ನಾನೂ ಸಣ್ಣಾಕಿದ್ದಾಗಿಂದ ನೋಡೀನಿ, ಆದ್ರ ಅದನ್ನ ನನ್ನ ಎಂಟೂ ಕಾಲಿನ ಬಸ್ಸಿಗೆ ಜೋಡಿಸಿ ಯಾವತ್ತೂ ವಿಚಾರ ಮಾಡಿದ್ದಿಲ್ಲ.

ಈಗ ರವಿವಾರ ಮಧ್ಯಾಹ್ನ ಊಟ ಆಗಿ ಒಂದು ಸಣ್ಣ ನಿದ್ದಿ ಮುಗಿಸಿ ಮೂರೂವರಿಗೆ ಕುಂದರ್ತೀವಿ. ಗ್ಯಾಸಿನ ಎರಡೂ ಒಲಿ ಮ್ಯಾಲ ಎರಡು ಹಂಚು. ಇದ ದೊಡ್ಡ ಉಳಿತಾಯ, ಒಂದ ಹಂಚು ಇದ್ದಾಗ ನಾ ಬಡದು ಕುಂತು ಹಂಚು ಖಾಲಿ ಆಗೂದನ್ನ ಕಾಯತಿದ್ದೆ. ಐದು ರೊಟ್ಟಿಗೆ ಆಗೂವಷ್ಟು ಹಿಟ್ಟು ತಗೊಂಡು ನಡುವ ಕುಣಿ ಮಾಡಿ ಎಸರು ಹಾಕಿ, ಮೊದಲ ಚಮಚದ್ಲೆ ಕೂಡಿಸಿ ಆಮ್ಯಾಲ ಅಂಗೈ ತಳದ್ಲೆ ತಿಕ್ಕಿ ತಿಕ್ಕಿ ನಾದ್ತೀನಿ, ಹಿಟ್ಟು ಕೈ ಬಿಟ್ಟು ನುಣ್ಣಗ ಹೊಳಪು ಬಂತಂದ್ರ ಆತು. ಒಮ್ಮೆಲೇ ಅರವತ್ತು ರೊಟ್ಟಿ ಹಿಟ್ಟು ನಾದಬ್ಯಾಡ್ರಿ, ಕಡಿಕಡಿದು ಆರಿ ಹೋಗತೈತಿ. ನಾ ಬಡದು ಹಂಚಿಗೆ ಒಗೀತೀನಿ, ನೀರ ಅರಬಿ ಸವರ್ತೀನಿ, ಅತ್ತಿ ಎತ್ತರದ ಸ್ಟೂಲ್ ಮ್ಯಾಲ ಕುಂತು ಇನ್ನೊಂದು ಹಂಚಿನ ಮ್ಯಾಲ ಸಣ್ಣ ಉರಿಯೊಳಗ ಅರಬಿ ಗಂಟಲೆ ಒತ್ತಿ ಒತ್ತಿ ಕಡಕ್ ಮಾಡ್ತಾರ. ಅವರ ಕೈಯಾಗ ರೊಟ್ಟಿ ಬಣ್ಣ ಬದಲಾಗೂದು ನೋಡಾಕ ಚಂದ, ನಡುವ ಕಂದು ಚುಕ್ಕಿ ಬೀಳ್ತಾವು, ಅಂಚು ಮ್ಯಾಲ ಏಳತೈತಿ, ಒತ್ತಿದಾಗ ಮೆತ್ತಗ ಅನ್ನೂ ಸಪ್ಪಳ ಹೋಗಿ ಕಟಕಟ ಅನ್ನಾಕ ಹತ್ತತೈತಿ, ಆವಾಗ ತಗದು ಗ್ವಾಡಿಗೆ ಆನಿಸಿ ನಿಂದರಿಸ್ತಾರ. ಪೂರಾ ಆರೂತನಾ ಒಂದರ ಮ್ಯಾಲ ಒಂದು ಇಡಬಾರದು, ಒಳಗ ಹಬಿ ಉಳದ್ರ ಬೂಸ್ಟು ಬರತೈತಿ.

ಅರವತ್ತು ರೊಟ್ಟಿ ಎರಡು ತಾಸಿಗೆ ಸ್ವಲ್ಪ ಕಡಿಮಿ. ದಿನಾ ಹದಿನೈದು ಬಡದಿದ್ರ ನಾಕು ದಿನಕ್ಕ 200 ಮಿನಿಟು ಹೋಗತಿತ್ತು, ಈಗ 115. ಆದ್ರ 85 ಮಿನಿಟು ಉಳದದ್ದು ದೊಡ್ಡ ಮಾತಲ್ಲ ನನಗ, ಆ ಮಿನಿಟು ಮುಂಜಾನಿಂದ ಹೋದ್ವು ಅನ್ನೂದು ದೊಡ್ಡ ಮಾತು. ಮುಂಜಾನಿ ಹತ್ತು ಮಿನಿಟಿನ ಬೆಲಿ ಬ್ಯಾರೆ, ರವಿವಾರ ಸಂಜಿ ಹತ್ತು ಮಿನಿಟಿನ ಬೆಲಿ ಬ್ಯಾರೆ. ಅದೂ ಅಲ್ದ ಕಟ್ಟಿ ಮ್ಯಾಲ ಚೆಲ್ಲಿದ ಹಿಟ್ಟು ನಾಕು ಸಲ ಒರಸೂದು ಹೋಗಿ ಒಂದ ಸಲ ಆತು.

ಅತ್ತಿಗೆ ಹಲ್ಲಿನ ತ್ರಾಸು, ಕಡಕ್ ಕಡಿಯಾಕ ಆಗೂದಿಲ್ಲ. ಅವರಿಗೆ ಎರಡು ರೊಟ್ಟಿಗೆ ನೀರು ಚಿಮುಕಿಸಿ ಹಸಿ ಅರಬಿಯೊಳಗ ಸುತ್ತಿ ಡಬ್ಬಿಯೊಳಗ ಹಾಕಿ ಮುಚ್ಚಿ ಇಟ್ಟು ಹೋಗ್ತೀನಿ, ಉಣ್ಣೂ ಹೊತ್ತಿಗೆ ಮೆತ್ತಗ ಆಗಿರ್ತಾವು. ಇಲ್ಲಾಂದ್ರ ಬ್ಯಾಳಿ ಸಾರಿನ್ಯಾಗ ಮುರದು ಹಾಕ್ಕೊಂಡು ಉಣ್ತಾರ. ಗುರುವಾರ ಮತ್ತ ಶುಕ್ರವಾರ ಬಿಸಿ ರೊಟ್ಟಿನ, ಇಲ್ಲಾ ಚಪಾತಿ. ಮಳಿಗಾಲದಾಗ ಮಾತ್ರ ಹುಷಾರು, ಕಡಕ್ ರೊಟ್ಟಿ ಗಾಳ್ಯಾಗಿನ ಥಂಡಿ ಹೀರಿ ಮೆತ್ತಗ ಆಗ್ತಾವು, ಸ್ಟೀಲ್ ಡಬ್ಬಿಯೊಳಗ ಒಣಾ ಅರಬಿ ಹಾಸಿ ಇಡ್ರಿ, ಮೆತ್ತಗ ಆದ್ರೂ ಹಂಚಿನ ಮ್ಯಾಲ ಒಂದ ಸಲ ತೋರಿಸಿದ್ರ ಮತ್ತ ಕಡಕ್.

2023ನೇ ವರ್ಷ ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಮಾಡಿದಾಗ ಜ್ವಾಳ ಎಷ್ಟು ಚಲೋ ಅಂತ ಊರೆಲ್ಲಾ ಮಾತಾಡಿದ್ರು, ನನಗೂ ಖುಷಿ ಆಗಿತ್ತು. ಆದ್ರ ಆ ರೊಟ್ಟಿ ತಾಟಿಗೆ ಬರೂತನಾ ಒಬ್ಬಾಕಿ ಎಷ್ಟೊತ್ತು ಒಲಿ ಮುಂದ ನಿಂದರ್ತಾಳ ಅನ್ನೂದನ್ನೂ ಮಾತಾಡಬೇಕು. ನೌಕರಿ ಮಾಡೂ ಮನ್ಯಾಗ ಜ್ವಾಳದ ರೊಟ್ಟಿ ಉಳೀಬೇಕಂದ್ರ ಆ ಟೈಮಿಗೆ ಒಂದು ದಾರಿ ಬೇಕ ಬೇಕು. ಅಂಗಡಿಯೊಳಗ ಕಡಕ್ ರೊಟ್ಟಿ ಪ್ಯಾಕೆಟ್ ಸಿಗ್ತಾವು, ನಮ್ಮ ಓಣಿ ಹಿಂದ ಒಬ್ಬ ಅಕ್ಕಾರು ಮನ್ಯಾಗ ಮಾಡಿ ಮಾರ್ತಾರ, ಪರೀಕ್ಷಾ ಪೇಪರ್ ತಿದ್ದೂ ವಾರ ನಾ ಅವರ ಹತ್ರನ ತರಸ್ತೀನಿ, ಅದರಾಗ ನಾಚಿಕಿ ಏನೂ ಇಲ್ಲ, ಅವರ ಮನಿನೂ ನಡೀತೈತಿ, ನನಗೂ ಎರಡು ತಾಸು ಸಿಗತಾವು. ಕರೆಂಟಿನ ರೊಟ್ಟಿ ಮಷೀನ್ ಒಂದು ತಗೊಂಡಿದ್ವಿ, ಚಪಾತಿಗೆ ನಡೀತು, ಜ್ವಾಳದ ಹಿಟ್ಟು ಅದರಾಗ ಒತ್ತಿದ್ರ ಸುತ್ತಲೂ ಸೀಳತಿತ್ತು, ಕಡೀಕ ತಂಗಿಗೆ ಕೊಟ್ಟುಬಿಟ್ಟೆ.

ಕಾಳಿಂದು ಸಣ್ಣ ಮಾತು ಆದ್ರ ಭಾಳ ಉಪಯೋಗದ್ದು. ಮಡಕಿ ಕಾಳು, ಹೆಸರ ಕಾಳು ಎರಡೂ ರವಿವಾರ ರಾತ್ರಿ ನೆನಿ ಹಾಕ್ತೀನಿ, ಸೋಮವಾರ ಮುಂಜಾನಿ ಬಸದು ಹಸಿ ಅರಬಿಯೊಳಗ ಗಂಟು ಕಟ್ಟಿ ಇಟ್ಟು ಹೋಗ್ತೀನಿ. ನಮ್ಮ ಬ್ಯಾಸಗಿಯೊಳಗ ಸಂಜಿಗೆ ಬಂದು ಬಿಚ್ಚಿದ್ರ ಬಾಲ ಬಂದಿರ್ತಾವು, ಚಳಿಗಾಲದಾಗ, ಸಿದ್ಧೇಶ್ವರ ಜಾತ್ರಿ ಟೈಮಿಗೆ, ಒಂದೂವರಿ ದಿನ ಬೇಕು. ಮೊಳಕಿ ಬಂದ ಮ್ಯಾಲ ಡಬ್ಬಿಗೆ ಹಾಕಿ ಫ್ರಿಜ್ಜಿನ್ಯಾಗ ಇಟ್ಟರ ಮೂರು ದಿನ ಚಿಂತಿ ಇಲ್ಲ. ಸೋಸೂದಿಲ್ಲ, ಹೆಚ್ಚೂದಿಲ್ಲ, ಉಳ್ಳಾಗಡ್ಡಿ ಒಂದು ಹೆಚ್ಚಿ ಒಗ್ಗರಣಿಗೆ ಹಾಕಿ ಮಸಾಲಿ ಖಾರ, ಉಪ್ಪು, ಚೂರು ಬೆಲ್ಲ, ಹತ್ತು ಮಿನಿಟಿಗೆ ಬುತ್ತಿ ಪಲ್ಲೆ ತಯಾರು. ಏನ್ ಮಾಡ್ಲಿ ಅಂತ ನಿಂದರೂ ದಿನ ಕಾಳಿನ ಡಬ್ಬಿ ಇದ್ರ ಧೈರ್ಯ.

ಬ್ಯಾಳಿ ವಿಷಯದಾಗ ನಾ ಎಷ್ಟೋ ವರ್ಷ ತಪ್ಪು ಮಾಡಿದ್ದೆ. ಬೋರಿನ ನೀರು ಹಾಕಿ ಬೇಯಿಸತಿದ್ದೆ, ಆರು ಸೀಟಿ ಆದ್ರೂ ತೊಗರಿ ಬ್ಯಾಳಿ ಬೆನ್ನು ಮುರೀತಿದ್ದಿಲ್ಲ, ಬ್ಯಾಳಿನ ಸರಿ ಇಲ್ಲ ಅಂತ ಅಂಗಡಿಯವರ ಜೋಡಿ ಮಾತಿಗೆ ಮಾತು ಬೆಳಿಸಿ ಬಂದಿದ್ದೆ. ಸವಳು ನೀರಿನ್ಯಾಗ ಸುಣ್ಣದಂಶ ಜಾಸ್ತಿ ಇರತೈತಿ, ಅದು ಕಾಳು ಬ್ಯಾಳಿ ಮೆತ್ತಗ ಆಗಾಕ ಬಿಡೂದಿಲ್ಲ. ಕುಡಿಯೂ ನೀರು ಹಾಕಿ, ಅರ್ಧ ತಾಸು ಮೊದಲ ನೆನಿಸಿ ಇಟ್ಟರ ಅದ ಬ್ಯಾಳಿ ಮೂರು ಸೀಟಿಗೆ ಬೆಣ್ಣಿ ಆಗತೈತಿ. ಹುಣಸಿಹುಳಿ, ಟೊಮೆಟೊ ಏನೂ ಬ್ಯಾಳಿ ಜೋಡಿ ಕುಕ್ಕರಿಗೆ ಹಾಕಬ್ಯಾಡ್ರಿ, ಹುಳಿ ಬಿದ್ರ ಬೇಯೂದು ತಡಾ, ಆಮ್ಯಾಲ ಸಾರಿನ್ಯಾಗ ಹಾಕ್ರಿ. ಮೊದಲ ಸೀಟಿ ಆದ ಕೂಡ್ಲೆ ಉರಿ ಸಣ್ಣ ಮಾಡ್ರಿ, ಕುಕ್ಕರ್ ಒಳಗ ಒತ್ತಡಕ್ಕ ನೀರು ಸುಮಾರು 120 ಡಿಗ್ರಿ ತನಕ ಕಾಯ್ತೈತಿ, ಆ ಕಾವು ಸಣ್ಣ ಉರಿಯೊಳಗೂ ಉಳೀತೈತಿ, ಸೀಟಿ ಮ್ಯಾಲ ಸೀಟಿ ಹೊಡಿಸಿದ್ರ ಹಬಿ ಹೊರಗ ಹೋಗಿ ಗ್ಯಾಸ್ ಖರ್ಚು ಆಗೂದು ಅಷ್ಟ. ಎರಡು ದಿನದ ಬ್ಯಾಳಿ ಒಮ್ಮೆ ಬೇಯಿಸಿ ಅರ್ಧಾ ಉಪ್ಪು ಖಾರ ಇಲ್ಲದ ಹಂಗ ಫ್ರಿಜ್ಜಿಗೆ, ಮೊದಲ ದಿನ ಸಾರು, ಮರುದಿನ ಮೆಂತ್ಯಪಲ್ಲೆ ಹಾಕಿ ಗಟ್ಟಿ ಬ್ಯಾಳಿ, ಮಕ್ಕಳಿಗೆ ಅದ ಬ್ಯಾಳಿ ಅಂತ ಅನಸೂದ ಇಲ್ಲ. ಆರಿದ ಕೂಡ್ಲೆ ಒಳಗ ಇಡ್ರಿ. ಏಪ್ರಿಲ್ ತಿಂಗಳದಾಗ ಒಂದು ರಾತ್ರಿ ನಾ ಮರತು ಕಟ್ಟಿ ಮ್ಯಾಲ ಬಿಟ್ಟಿದ್ದೆ, ಮುಂಜಾನಿ ನೋಡಿದ್ರ ಬುರುಗು ಬಂದು ಹಳಸಿತ್ತು, ಎಲ್ಲಾ ಚೆಲ್ಲಬೇಕಾತು, ಅನ್ನಕ್ಕ ಕೈ ಮುಗದು ಚೆಲ್ಲಿದೆ.

ಇನ್ನ ಎಣ್ಣಿಗಾಯಿ. ಮುಂಜಾನಿ ಎಣ್ಣಿಗಾಯಿ ಮಾಡ್ತೀನಿ ಅಂದ್ರ ನನ್ನ ಬಸ್ಸಿನ ಗೆಳತ್ಯಾರು ನಂಬೂದಿಲ್ಲ. ತಿಂಗಳಿಗೆ ಎರಡು ಸಲ ಅದರ ಒಣಾ ಪುಡಿ ಮಾಡಿ ಇಡ್ತೀನಿ. ಎರಡು ಬಟ್ಟಲ ಶೇಂಗಾ ಸಣ್ಣ ಉರಿಯೊಳಗ ಹುರದು ಸಿಪ್ಪಿ ಉಜ್ಜಿ ತಗದು, ಅರ್ಧ ಬಟ್ಟಲ ಎಳ್ಳು, ಅರ್ಧ ಬಟ್ಟಲ ಗುರೆಳ್ಳು ಬ್ಯಾರೆ ಬ್ಯಾರೆ ಹುರದು (ಗುರೆಳ್ಳು ಚಟಪಟ ಅಂದ ಕೂಡ್ಲೆ ಇಳಿಸ್ರಿ, ಹೊತ್ತಿದ್ರ ಕಹಿ), ಒಂದು ಹಿಡಿ ಒಣ ಕೊಬ್ರಿ, ಎಲ್ಲಾ ಪೂರಾ ಆರಿದ ಮ್ಯಾಲ ಮಿಕ್ಸರಿನ್ಯಾಗ ತಡದು ತಡದು ತಿರುವಬೇಕು, ಒಂದ ಸಮನ ಬಿಟ್ಟರ ಶೇಂಗಾ ಎಣ್ಣಿ ಬಿಟ್ಟು ಮುದ್ದಿ ಆಗತೈತಿ. ಮುಂಜಾನಿ ಆ ಪುಡಿಗೆ ಮಸಾಲಿ ಖಾರ, ಉಪ್ಪು, ಅರಿಷಿಣ, ಹುಣಸಿ ರಸ, ಬೆಲ್ಲ, ಹೆಚ್ಚಿದ ಉಳ್ಳಾಗಡ್ಡಿ ಕಲಸಿ ಸಣ್ಣ ಮುಳಗಾಯಿಗೆ ತುಂಬಿ, ಸಣ್ಣ ಕುಕ್ಕರಿನ್ಯಾಗ ಒಗ್ಗರಣಿ ಹಾಕಿ ಒಂದ ಸೀಟಿ. ಇಪ್ಪತ್ತು ಮಿನಿಟು, ಅದೂ ಬದನಿಕಾಯಿ ಸೀಳೂದು ಹಿಡದು. ಅದ ಪುಡಿ ಹೀರಿಕಾಯಿಗೂ ಆಗತೈತಿ, ದೊಣ್ಣಮೆಣಸಿನಕಾಯಿಗೂ ಆಗತೈತಿ. ಬ್ಯಾಸಗಿಯೊಳಗ ಹೊರಗ ಇಟ್ಟರ ಎರಡು ವಾರಕ್ಕ ಕಮಟು ವಾಸನಿ ಬರತೈತಿ, ಫ್ರಿಜ್ಜಿನ್ಯಾಗನ ಇಡ್ರಿ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಅಂದ್ರ ಚಟ್ನಿ ಪುಡಿ) ಎರಡು ಡಬ್ಬಿ ಮನ್ಯಾಗ ಇದ್ರಂತೂ ಪಲ್ಲೆ ಆಗದ ದಿನಾನೂ ಮೊಸರು, ಹಿಂಡಿ, ರೊಟ್ಟಿ, ಹಸಿ ಉಳ್ಳಾಗಡ್ಡಿ, ಒಂದು ಗಜ್ಜರಿ, ಅದು ಪೂರಾ ಊಟ ಅಂತ ನಾ ತಿಳಕೊಂಡೀನಿ, ಯಾರಿಗೂ ಕಡಿಮಿ ಹಾಕಿದೆ ಅಂತ ಅನಿಸೂದಿಲ್ಲ ಈಗ.

ಸೊಪ್ಪು ಮುಂಜಾನಿ ಸೋಸೂದು ಬಿಟ್ಟೀನಿ. ಸಂತಿಯಿಂದ ತಂದ ದಿನಾನ ರಾತ್ರಿ ಟಿವಿ ಮುಂದ ಪೇಪರ್ ಹಾಸಿ ಮೆಂತ್ಯೆ, ಸಬ್ಬಸಗಿ, ಪುಂಡಿಪಲ್ಲೆ ಎಲ್ಲಾರೂ ಕುಂತು ಸೋಸ್ತೀವಿ, ತೊಳಿಯೂದಿಲ್ಲ, ಒಣಾ ಅರಬಿಯೊಳಗ ಸುತ್ತಿ ಇಡ್ತೀವಿ, ನೀರು ಹತ್ತಿದ್ರ ಕೊಳೀತೈತಿ. ಮೊದಲ ಎರಡು ದಿನ ಸೊಪ್ಪು ಮುಗಸೂದು, ಆಮ್ಯಾಲ ಬೆಂಡಿ ಹೀರಿ, ವಾರದ ಕಡೀಕ ಗಜ್ಜರಿ, ಗೋಬಿ, ಕಾಳು. ಚವಳಿಕಾಯಿ ತಂದ್ರ ಅವತ್ತ ಸೋಸಿ ಡಬ್ಬಿಗೆ ಹೋಗಬೇಕು, ಇದು ನಮ್ಮನ್ಯಾಗ ಈಗ ಕಾಯ್ದೆ.

ಸೋಸೂದು ನಮ್ಮನಿಯವರ ಕೆಲಸ ಆಗೇತಿ ಅನ್ನೂದು ನಾ ಬರೀಲೇಬೇಕು. ಮೊದಲ ಅವರಿಗೆ ಅಡಗಿಮನಿ ಗೊತ್ತಿದ್ದಿಲ್ಲ, ಲೆಕ್ಕ ಬರದು ಮುಗದ ಶನಿವಾರ ರಾತ್ರಿ ನಾ ಡೈರಿ ಮುಂದ ಇಟ್ಟು ಕುಂತೆ, ಜಗಳ ಅಲ್ಲ, ಬರೇ ಲೆಕ್ಕ ತೋರಿಸಿದೆ. ಅವರು ಸುಮ್ನ ಎರಡು ಸಲ ಓದಿ, "ಇಷ್ಟು ಆಗತೈತೇನು ನಿನಗ ಮುಂಜಾನಿ, ನನಗ ಗೊತ್ತ ಇದ್ದಿಲ್ಲ ನೋಡು" ಅಂದ್ರು. ಮರುದಿನದಿಂದ ಬಳ್ಳೊಳ್ಳಿ ಸುಲಿಯೂದು, ಸೊಪ್ಪು ಸೋಸೂದು, ರಾತ್ರಿ ಮರುದಿನದ ಉಳ್ಳಾಗಡ್ಡಿ ಹೆಚ್ಚಿ ಡಬ್ಬಿ ಮುಚ್ಚೂದು ಅವರದು. ಮಗ ಬುತ್ತಿ ಡಬ್ಬಿ, ಚಮಚ, ನೀರಿನ ಬಾಟ್ಲಿ ರಾತ್ರಿನ ಸಾಲಾಗಿ ಇಡ್ತಾನ. ಯಾವ ಕುಕ್ಕರಿಗಿಂತ, ಯಾವ ಮಿಕ್ಸರಿಗಿಂತ ಹೆಚ್ಚು ಟೈಮ್ ಉಳಿಸಿದ್ದು ಇದ, ನಾ ಖರೇನ ಹೇಳ್ತೀನಿ, ಹೆಂಗಸರು ತ್ರಾಸು ನುಂಗಿಕೊಂಡು ಕುಂತ್ರ ಮನ್ಯಾಗಿನವರಿಗೆ ಕಾಣೂದಿಲ್ಲ, ಮಿನಿಟು ಬರದು ತೋರಿಸಿದಾಗ ಕಂಡಿತು.

ಈಗ ನಾ ಆರಕ್ಕ ಏಳ್ತೀನಿ, ಮೊದಲಿಗಿಂತ ಅರ್ಧ ತಾಸು ತಡಾ. ಏಳೂಕಾಲಕ್ಕ ಬುತ್ತಿ ಕಟ್ಟಿ ಆಗಿರತೈತಿ, ಮಗಳ ಹೆಳಲು ಸಮಾಧಾನದಿಂದ ಹಾಕ್ತೀನಿ, ಎರಡು ಹೆಳಲು, ರಿಬ್ಬನ್ ಸೈತ, ಆಕಿ ಆ ಹೊತ್ತಿಗೆ ಸಾಲಿ ಸುದ್ದಿ ಎಲ್ಲಾ ಹೇಳ್ತಾಳ. ಅತ್ತಿ ಜೋಡಿ ಕುಂತು ಒಂದು ಕಪ್ ಚಾ ಕುಡೀತೀನಿ.

ಇದನ್ನ ಬರಿಯೂದರಾಗ ರಾತ್ರಿ ಹತ್ತು ಆತು. ಒಳಗ ಹೋಗಿ ಮಡಕಿ ಕಾಳಿನ ಗಂಟು ಬಿಚ್ಚಿ ನೋಡಿ ಬಂದೆ, ಬಾಲ ಬಂದಾವು. ನಾಳೆ ಬುತ್ತಿಗೆ ಅದ.